ಭಾರತ ಮಹಿಳಾ ಫುಟ್‌ಬಾಲ್ ತಂಡದ ದಾಖಲೆಯನ್ನು ಹೇಗೆ ಓದಬೇಕು? 2026ರ ಏಷ್ಯನ್ ಕಪ್‌ಗೆ ಮುಂಚೆ ಒಂದು ಚರ್ಚೆ

ಹಳೇ ಸ್ಕೋರ್‌ಕಾರ್ಡ್ (ಚರ್ಚೆ ಶುರು ಮಾಡಿದವರು)

2025ರ ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ ನಮ್ಮ ಹುಡುಗಿಯರು ಥಾಯ್ಲೆಂಡನ್ನು 2-1ರಿಂದ ಸೋಲಿಸಿದ ಮೇಲೆ ಎಲ್ಲ ಕಡೆ ಎರಡು ಥರದ ಮಾತು ಓದುತ್ತಿದ್ದೇನೆ. ‘ಏಷ್ಯನ್ ಕಪ್‌ಗೆ ಮೊದಲ ಸಲ ಅರ್ಹತೆ’ ಅನ್ನುವವರು ಒಂದು ಕಡೆ. ‘ಅದೇನು ಮೊದಲು, ಭಾರತ ಎರಡು ಸಲ ಫೈನಲ್ಲೇ ಆಡಿದೆ’ ಅನ್ನುವವರು ಇನ್ನೊಂದು ಕಡೆ. ಎರಡೂ ನಿಜವೇ. ಹಳೆಯ ಟೂರ್ನಿಗಳಿಗೆ ಅರ್ಹತಾ ಸುತ್ತೇ ಇರಲಿಲ್ಲ. 2022ರಲ್ಲಿ ಆತಿಥೇಯರು ಅಂತ ಜಾಗ ಸಿಕ್ಕಿತ್ತು. ಅರ್ಹತಾ ಸುತ್ತು ಆಡಿ, ಗೆದ್ದು ಹೋಗುತ್ತಿರುವುದು ಈಗಲೇ.

ಹೊಸಬರಿಗಾಗಿ ಹಳೇ ಕಥೆ ಚುಟುಕಾಗಿ ಹೇಳಿಬಿಡುತ್ತೇನೆ. 1980ರ ಜನವರಿಯಲ್ಲಿ ಕೋಯಿಕ್ಕೋಡ್‌ನಲ್ಲಿ ನಡೆದ ಟೂರ್ನಿ ದಾಖಲೆಯಲ್ಲಿ 1979ರದ್ದು ಅಂತ ಇರುತ್ತದೆ. ಅದರಲ್ಲಿ ಭಾರತ ರನ್ನರ್ ಅಪ್, ಫೈನಲ್‌ನಲ್ಲಿ ತೈವಾನ್ (ಈಗ ಚೈನೀಸ್ ತೈಪೆ ಅನ್ನುವ ತಂಡ) ಎದುರು 0-2. 1981ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಮೂರನೇ ಸ್ಥಾನ. 1983ರಲ್ಲಿ ಬ್ಯಾಂಕಾಕ್‌ನಲ್ಲಿ ಮತ್ತೆ ಫೈನಲ್, ಥಾಯ್ಲೆಂಡ್ ಎದುರು 0-3.

ಆಮೇಲೆ ಏನಾಯಿತು ಗೊತ್ತಾ? ಏನೂ ಆಗಲಿಲ್ಲ. 1986ರ ಟೂರ್ನಿಯಲ್ಲಿ ನಾವಿಲ್ಲ. 1989, 1991, 1993ರಲ್ಲೂ ಇಲ್ಲ. ಮತ್ತೆ ಕಾಣಿಸಿಕೊಂಡಿದ್ದು 1995ರಲ್ಲಿ. ನನ್ನ ಹೊಟ್ಟೆ ಉರಿಯುವುದು ಇಲ್ಲೇ. ಮೊದಲ ಮಹಿಳಾ ವಿಶ್ವಕಪ್ ನಡೆದಿದ್ದು 1991ರಲ್ಲಿ, ಚೀನಾದಲ್ಲಿ. ಅದಕ್ಕೆ ಏಷ್ಯಾದಿಂದ ಮೂರು ತಂಡ ಹೋದವು. ಎಂಟೇ ವರ್ಷ ಹಿಂದೆ ಏಷ್ಯಾದ ರನ್ನರ್ ಅಪ್ ಆಗಿದ್ದವರು ಅರ್ಹತಾ ಟೂರ್ನಿಗೇ ಹೋಗಲಿಲ್ಲ.

ನನ್ನ ವಾದ ಇಷ್ಟೇ. ಈ ತಂಡದ ದಾಖಲೆಯಲ್ಲಿ ಸೋತ ಪಂದ್ಯಗಳಿಗಿಂತ ಆಡದ ವರ್ಷಗಳು ಜಾಸ್ತಿ ಹಾನಿ ಮಾಡಿವೆ. ಒಪ್ಪುತ್ತೀರಾ?

ಆಫ್‌ಸೈಡ್ ಆನಂದ

ಸರ್, ಪೂರ್ತಿ ಒಪ್ಪಲ್ಲ. ಆ ಎರಡು ಫೈನಲ್‌ಗಳನ್ನು ನೀವು ಸ್ವಲ್ಪ ಜಾಸ್ತಿಯೇ ತೂಕ ಹಾಕುತ್ತಿದ್ದೀರಿ.

ಕೋಯಿಕ್ಕೋಡ್‌ನಲ್ಲಿ ಫೈನಲ್ ಆಡಿದ್ದು ಯಾವ ತಂಡ ನೋಡಿ. ದಾಖಲೆಯಲ್ಲಿ ‘ಭಾರತ ದಕ್ಷಿಣ’ ಅಂತ ಇದೆ. ನಾವು ಆತಿಥೇಯರು ಅಂತ ದಕ್ಷಿಣದ್ದೊಂದು, ಉತ್ತರದ್ದೊಂದು, ಹೀಗೆ ಎರಡು ತಂಡ ಇಳಿಸಿದ್ದೆವು. ಆಸ್ಟ್ರೇಲಿಯಾ ಕಡೆಯಿಂದ ಬಂದಿದ್ದು ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದ ತಂಡ. ಚೀನಾ ಆಗಿನ್ನೂ ಬಂದೇ ಇರಲಿಲ್ಲ. ಚೀನಾ 1986ರಲ್ಲಿ ಮೊದಲ ಸಲ ಬಂತು, ಬಂದ ವರ್ಷವೇ ಕಪ್ ಹೊತ್ತುಕೊಂಡು ಹೋಯಿತು. ಅದಕ್ಕೆ ಮುಂಚೆ ಈ ಟೂರ್ನಿ ನಡೆಸುತ್ತಿದ್ದುದು ಏಷ್ಯನ್ ಲೇಡೀಸ್ ಫುಟ್‌ಬಾಲ್ ಕಾನ್ಫೆಡರೇಷನ್ ಅನ್ನುವ ಬೇರೆಯೇ ಸಂಸ್ಥೆ. ಎಎಫ್‌ಸಿ, ಅಂದರೆ ಏಷ್ಯಾದ ಫುಟ್‌ಬಾಲ್ ಒಕ್ಕೂಟದ ಕೈಗೆ ಬಂದಿದ್ದು 80ರ ದಶಕದ ನಡುವೆ.

ಆಗ ಆಡುತ್ತಿದ್ದವರೇ ಕಮ್ಮಿ. ಅದರಲ್ಲಿ ಎರಡನೇ ಸ್ಥಾನ ಬಂತು ಅಂತ ಇವತ್ತಿನ ತಂಡವನ್ನು ಬೈಯುವುದು ನ್ಯಾಯವಲ್ಲ.

ಸರೋಜಕ್ಕ

ಆನಂದ್ ಅವರೇ, ನೀವು ಹೇಳಿದ ವಿವರ ಸರಿ. ತೀರ್ಪು ಮಾತ್ರ ಸರಿ ಕಾಣಲಿಲ್ಲ.

ನಾನು ಆ ಕಾಲದಲ್ಲಿ ಕಾಲೇಜು ತಂಡದಲ್ಲಿ ಚೆಂಡು ಒದ್ದವಳು. ಮಹಿಳಾ ಫುಟ್‌ಬಾಲ್ ಆಗ ಎಐಎಫ್‌ಎಫ್ (ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ) ಕೆಳಗೆ ಇರಲೇ ಇಲ್ಲ. 1975ರಲ್ಲಿ ವಿಮೆನ್ಸ್ ಫುಟ್‌ಬಾಲ್ ಫೆಡರೇಷನ್ ಆಫ್ ಇಂಡಿಯಾ ಅಂತ ಪ್ರತ್ಯೇಕ ಸಂಸ್ಥೆ ಹುಟ್ಟಿತು. ಅದೇ ವರ್ಷ ಲಖನೌದಲ್ಲಿ ಮೊದಲ ರಾಷ್ಟ್ರೀಯ ಪಂದ್ಯಾವಳಿ. ಹಾಗೆ ಶುರುವಾಗಿ ಐದೇ ವರ್ಷದಲ್ಲಿ ಏಷ್ಯಾದ ಫೈನಲ್! ಎದುರಿಗಿದ್ದವರೂ ನಮ್ಮ ಹಾಗೆ ಆಗಷ್ಟೇ ಶುರು ಮಾಡಿದವರೇ. ಎಲ್ಲರೂ ಒಂದೇ ಗೆರೆಯಲ್ಲಿ ನಿಂತು ಓಟ ಶುರು ಮಾಡಿದೆವು. ಆಮೇಲೆ ಅವರು ಓಡಿದರು, ನಮ್ಮನ್ನು ಕೂರಿಸಿದರು. ಸ್ಕೋರ್‌ಕಾರ್ಡ್ ಸರ್ ಹೇಳುತ್ತಿರುವುದು ಅದನ್ನೇ ಅಲ್ವಾ?

1983ರಲ್ಲಿ ಶಾಂತಿ ಮಲ್ಲಿಕ್ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ಮಹಿಳಾ ಫುಟ್‌ಬಾಲ್ ಆಟಗಾರ್ತಿಗೆ ಅದೇ ಮೊದಲು. ಮುಂದಿನದ್ದು ಯಾವಾಗ ಬಂತು ಹೇಳಿ. 2017ರಲ್ಲಿ, ಓಯಿನಂ ಬೆಂಬೆಂ ದೇವಿ ಅವರಿಗೆ. ನಡುವೆ 34 ವರ್ಷ.

ಆಫ್‌ಸೈಡ್ ಆನಂದ

ಸರೋಜಕ್ಕ, ‘ಅವರು ಓಡಿದರು, ನಮ್ಮನ್ನು ಕೂರಿಸಿದರು’ ಅನ್ನುವುದನ್ನು ಒಪ್ಪಿದೆ. ಆದರೆ ಕೂತಿದ್ದವರು ಎದ್ದ ಮೇಲೆ ಏನಾಯಿತು ಅನ್ನುವುದನ್ನೂ ನೋಡಬೇಕು. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್, ಚೀನಾ ಎದುರು 0-16. ಇವತ್ತಿಗೂ ನಮ್ಮ ಅತಿ ದೊಡ್ಡ ಸೋಲು ಅದೇ. 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಮಾಲ್ಡೀವ್ಸ್‌ಗೆ 15 ಹೊಡೆದೆವು, ದಕ್ಷಿಣ ಕೊರಿಯಾ ನಮಗೆ ಹತ್ತು ಹೊಡೆಯಿತು, ಥಾಯ್ಲೆಂಡ್ ಇನ್ನೂ ಹತ್ತು ಹೊಡೆಯಿತು. ಇದಕ್ಕೆ ಯಾರನ್ನು ದೂರುತ್ತೀರಿ?

ಹಳೇ ಸ್ಕೋರ್‌ಕಾರ್ಡ್

ಆ 16ರ ಪಕ್ಕದಲ್ಲಿ ಇನ್ನೊಂದು ಅಂಕಿ ಇಡಿ. 1997ರ ಏಷ್ಯನ್ ಕಪ್‌ನಲ್ಲಿ ಭಾರತ ಗ್ವಾಮ್‌ಗೆ 10 ಗೋಲು ಹೊಡೆಯಿತು, ಹಾಂಗ್‌ಕಾಂಗನ್ನು 3-0ರಿಂದ ಸೋಲಿಸಿತು. ಜಪಾನ್ ಎದುರು ಸೋತಿದ್ದು ಬರೀ 0-1ರಿಂದ. ಅದೇ ಟೂರ್ನಿಯಲ್ಲಿ ಜಪಾನ್ ಗ್ವಾಮ್‌ಗೆ 21 ಹೊಡೆದಿತ್ತು. ಅಂದರೆ ಒಂದೇ ವರ್ಷದ ಅಂತರದಲ್ಲಿ ನಮ್ಮ ತಂಡ ಜಪಾನನ್ನು ಒಂದು ಗೋಲಿಗೆ ತಡೆದು ನಿಲ್ಲಿಸಿದೆ, ಚೀನಾದಿಂದ 16 ತಿಂದಿದೆ. ಆಟಗಾರ್ತಿಯರು ಒಂದೇ ವರ್ಷದಲ್ಲಿ ಅಷ್ಟು ಕೆಟ್ಟುಹೋಗುತ್ತಾರಾ? ಹೌದು, ಚೀನಾ ಆಗ ಲೋಕದ ಅತ್ಯುತ್ತಮ ತಂಡಗಳಲ್ಲಿ ಒಂದು, ಮುಂದಿನ ವರ್ಷ ವಿಶ್ವಕಪ್ ಫೈನಲ್ ಆಡಿತು. ಆದರೂ 16 ಅನ್ನುವುದು ತಯಾರಿಯಿಲ್ಲದೆ ಮೈದಾನಕ್ಕೆ ಇಳಿದ ತಂಡದ ಅಂಕಿ ಅಂತ ನನಗೆ ಅನಿಸುತ್ತದೆ.

2009ರಲ್ಲಂತೂ ಫಿಫಾ ನಮ್ಮ ಹೆಸರನ್ನು ರ್‍ಯಾಂಕಿಂಗ್ ಪಟ್ಟಿಯಿಂದಲೇ ತೆಗೆದುಹಾಕಿತು. ಕಾರಣ ಸೋಲಲ್ಲ. ಒಂದೂವರೆ ವರ್ಷ ಒಂದೂ ಅಂತರರಾಷ್ಟ್ರೀಯ ಪಂದ್ಯ ಆಡಿರಲಿಲ್ಲ.

ಉಳ್ಳಾಲದ ವಿಂಗರ್

ಮಾರಾಯ್ರೆ, ನೀವೆಲ್ಲ ಬರೀ ಅಳುತ್ತೀರಲ್ಲ! ಸ್ಯಾಫ್, ಅಂದರೆ ದಕ್ಷಿಣ ಏಷ್ಯಾ ದೇಶಗಳ ಕಪ್ ಬಗ್ಗೆ ಒಬ್ಬರೂ ಮಾತಾಡಲೇ ಇಲ್ಲ. 2010ರಲ್ಲಿ ಕಾಕ್ಸ್ ಬಜಾರ್, 2012ರಲ್ಲಿ ಕೊಲಂಬೊ, 2014ರಲ್ಲಿ ಇಸ್ಲಾಮಾಬಾದ್, ಆಮೇಲೆ ಸಿಲಿಗುರಿ, 2019ರಲ್ಲಿ ಬಿರಾಟ್‌ನಗರ. ಸತತ ಐದು ಕಪ್. ಆ ಐದು ಟೂರ್ನಿಗಳಲ್ಲಿ ಒಂದೇ ಒಂದು ಪಂದ್ಯ ಸೋತಿಲ್ಲ. ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ 2010, 2016, 2019 ಮೂರೂ ಸಲ ಚಿನ್ನ. 2019ರ ಪೊಖರಾ ಫೈನಲ್‌ನಲ್ಲಿ ನೇಪಾಳದ ಎದುರು ಎರಡೂ ಗೋಲು ಬಾಲಾ ದೇವಿಯದ್ದು. ಮರು ತಿಂಗಳೇ ಅವರು ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ ಸೇರಿದರು. ಇದೆಲ್ಲ ದಾಖಲೆ ಅಲ್ವಾ?

ಆಫ್‌ಸೈಡ್ ಆನಂದ

ದಾಖಲೆಯೇ. ಆದರೆ 2022ರ ನಂತರದ್ದನ್ನು ಮೆಲ್ಲಗೆ ಬಿಟ್ಟಿರಿ ನೋಡಿ, ವಿಂಗರ್! ಕಠ್ಮಂಡುವಿನಲ್ಲಿ ಬಾಂಗ್ಲಾದೇಶ ನಮ್ಮನ್ನು 3-0ರಿಂದ ಹೊಡೆಯಿತು. ಸೆಮಿಫೈನಲ್‌ನಲ್ಲಿ ನೇಪಾಳ 1-0. 2024ರಲ್ಲಿ ಅದೇ ಊರು, ಮತ್ತೆ ಬಾಂಗ್ಲಾ ಎದುರು 1-3, ಸೆಮಿಫೈನಲ್‌ನಲ್ಲಿ ಮತ್ತೆ ನೇಪಾಳ. ಎರಡು ಸಲವೂ ಕಪ್ ಬಾಂಗ್ಲಾಕ್ಕೆ.

ಉಳ್ಳಾಲದ ವಿಂಗರ್

2024ರ ಸೆಮಿಫೈನಲ್ ಲೆಕ್ಕಕ್ಕಿಲ್ಲ! ಗೋಲಿನ ಗಲಾಟೆಯಲ್ಲಿ ಪಂದ್ಯ ಒಂದು ಗಂಟೆಗೂ ಜಾಸ್ತಿ ನಿಂತಿತ್ತು. ಅಷ್ಟು ಹೊತ್ತು ಕೂತು ಮೈ ತಣ್ಣಗಾದ ಮೇಲೆ 1-1, ಆಮೇಲೆ ಪೆನಾಲ್ಟಿಯಲ್ಲಿ ಸೋಲು.

ಸರೋಜಕ್ಕ

ನೇಪಾಳದ ಹುಡುಗಿಯರಿಗೂ ಮೈ ತಣ್ಣಗಾಗಿತ್ತಲ್ಲ ತಮ್ಮಾ. 😀

ಬಾಂಗ್ಲಾದೇಶದ ವಿಷಯದಲ್ಲಿ ನನಗೆ ಸಿಟ್ಟಿಲ್ಲ, ಖುಷಿಯೇ ಇದೆ. ಅವರು ಸಣ್ಣ ವಯಸ್ಸಿನ ಹುಡುಗಿಯರನ್ನು ಒಟ್ಟಿಗೆ ಇಟ್ಟು ವರ್ಷಗಟ್ಟಲೆ ಆಡಿಸಿದರು. ಈ ಸಲ ಮ್ಯಾನ್ಮಾರ್ ತಂಡವನ್ನು ಅವರ ನೆಲದಲ್ಲೇ ಸೋಲಿಸಿ ಅವರೂ ಮೊದಲ ಸಲ ಏಷ್ಯನ್ ಕಪ್‌ಗೆ ಬಂದಿದ್ದಾರೆ. ನಾವು ಸ್ಯಾಫ್ ಗೆಲ್ಲುತ್ತಿದ್ದ ಹತ್ತು ವರ್ಷವೂ ‘ಗೆಲ್ತಾ ಇದ್ದೀವಲ್ಲ’ ಅಂತ ಆರಾಮಾಗಿ ಕೂತಿದ್ದೆವು. ಸ್ಯಾಫ್ ಮುಗಿದರೆ ಮುಂದಿನ ಪಂದ್ಯ ಯಾವಾಗ ಅಂತ ಯಾರಿಗೂ ಗೊತ್ತಿರುತ್ತಿರಲಿಲ್ಲ.

ಡಿ ಬಾಕ್ಸ್ ದಿವ್ಯಾ

ನನಗೆ ನೋವು ಕೊಡುವುದು 2022ರ ಜನವರಿ. ಅದನ್ನು ಯಾರಾದರೂ ಬರೆಯಲಿ ಅಂತ ಕಾಯುತ್ತಿದ್ದೆ.

ಆ ತಂಡಕ್ಕೆ ಅಪರೂಪಕ್ಕೆ ಸರಿಯಾದ ತಯಾರಿ ಸಿಕ್ಕಿತ್ತು. ಸ್ವೀಡನ್ನಿನ ಥಾಮಸ್ ಡೆನ್ನರ್‌ಬಿ ಕೋಚ್. 2021ರ ಅಕ್ಟೋಬರ್‌ನಲ್ಲಿ ಬಹ್ರೇನ್‌ನಲ್ಲಿ ಚೈನೀಸ್ ತೈಪೆಯನ್ನು 1-0ರಿಂದ ಸೋಲಿಸಿದರು. ನವೆಂಬರ್‌ನಲ್ಲಿ ಬ್ರೆಜಿಲ್‌ಗೆ ಹೋದರು. ಮನೌಸ್‌ನಲ್ಲಿ ಬ್ರೆಜಿಲ್ 6-1ರಿಂದ ಗೆದ್ದಿತು, ಸರಿ. ಆದರೆ ಆ ಒಂದು ಗೋಲು ಇದೆಯಲ್ಲ, ಮನೀಷಾ ಕಲ್ಯಾಣ್ ಓಡಿ ಹೊಡೆದಿದ್ದು! ಎಷ್ಟು ಸಲ ನೋಡಿದರೂ ಸಾಲದು. ಬ್ರೆಜಿಲ್‌ನ ಫೊರ್ಮಿಗಾ ಅವರ ವಿದಾಯದ ಪಂದ್ಯ ಬೇರೆ ಅದು. ಮುಂದೆ ಮನೀಷಾ ಸೈಪ್ರಸ್‌ನ ಅಪೊಲ್ಲೊನ್ ಪರ ಯೂರೋಪಿನ ಚಾಂಪಿಯನ್ಸ್ ಲೀಗ್ ಅರ್ಹತಾ ಪಂದ್ಯವನ್ನೂ ಆಡಿದರು.

ಆಮೇಲೆ ನವಿ ಮುಂಬೈ. ಜನವರಿ 20ರಂದು ಇರಾನ್ ಎದುರು 0-0. ಗೆಲ್ಲಬೇಕಾಗಿದ್ದ ಪಂದ್ಯ, ಅವಕಾಶ ಮೇಲೆ ಅವಕಾಶ ಕೈಬಿಟ್ಟರು. ಪರವಾಗಿಲ್ಲ, ಇನ್ನೂ ಎರಡು ಪಂದ್ಯ ಇದೆ ಅಂದುಕೊಂಡೆವು. 23ರಂದು ತೈಪೆ ಜೊತೆ ಆಡಬೇಕು, ಅಷ್ಟರಲ್ಲಿ ತಂಡದ ತುಂಬ ಕೋವಿಡ್. ಕನಿಷ್ಠ 13 ಆಟಗಾರ್ತಿಯರನ್ನು ಹೊಂದಿಸಲು ಆಗಲಿಲ್ಲ. ನಿಯಮದ ಪ್ರಕಾರ ಟೂರ್ನಿಯಿಂದಲೇ ಹಿಂದೆ ಸರಿದಂತೆ. ಆಡಿದ ಒಂದು ಪಂದ್ಯವನ್ನೂ ಲೆಕ್ಕದಿಂದ ತೆಗೆದರು. ಸ್ವಂತ ನೆಲದಲ್ಲಿ ನಡೆದ ಏಷ್ಯನ್ ಕಪ್‌ನ ಅಂಕಪಟ್ಟಿಯಲ್ಲಿ ನಮ್ಮ ಸಾಲು ಪೂರ್ತಿ ಖಾಲಿ.

ಅದೇ ವರ್ಷ ಆಗಸ್ಟ್‌ನಲ್ಲಿ ಫಿಫಾ ಎಐಎಫ್‌ಎಫ್ ಅನ್ನು ಅಮಾನತು ಮಾಡಿತು. ಹತ್ತು ಹನ್ನೊಂದು ದಿನದಲ್ಲಿ ಅಮಾನತು ತೆಗೆದರು, ಆದರೆ ಅಷ್ಟರಲ್ಲಿ ತಾಷ್ಕೆಂಟ್‌ಗೆ ಹೋಗಿ ಇಳಿದಿದ್ದ ಗೋಕುಲಂ ಕೇರಳ ತಂಡ ಏಷ್ಯನ್ ಕ್ಲಬ್ ಟೂರ್ನಿ ಆಡದೆ ವಾಪಸ್ ಬಂತು. ತಪ್ಪು ಆಡಳಿತದ್ದು, ಬೆಲೆ ಕಟ್ಟಿದ್ದು ಹುಡುಗಿಯರು.

ಹಳೇ ಸ್ಕೋರ್‌ಕಾರ್ಡ್

ದಿವ್ಯಾ ಮೇಡಂ, ಇದನ್ನು ಬರೆದಿದ್ದಕ್ಕೆ ಥ್ಯಾಂಕ್ಸ್. 1980ರಲ್ಲಿ ಫೈನಲ್ ಸೋತಿದ್ದು ಇದೇ ತೈಪೆ ಎದುರು. 2022ರಲ್ಲಿ ಆಡಲಾಗದೆ ಹೋದ ಪಂದ್ಯ ತೈಪೆ ಎದುರಿನದ್ದು. ಈಗ 2026ರ ಗುಂಪಿನಲ್ಲಿ ಮತ್ತೆ ಅವರೇ.

ಆಫ್‌ಸೈಡ್ ಆನಂದ

ಗುಂಪಿನ ವಿಷಯ ಬಂತಲ್ಲ, ನನ್ನ ಅನುಮಾನ ಹೇಳುತ್ತೇನೆ. ಯಾರು ಯಾವ ಗುಂಪು ಅನ್ನುವ ಡ್ರಾ ಜುಲೈ 29ರಂದು ಸಿಡ್ನಿಯಲ್ಲಿ ಆಯಿತು. ನಮ್ಮ ಗುಂಪಿನಲ್ಲಿ ಜಪಾನ್, ವಿಯೆಟ್ನಾಂ, ಚೈನೀಸ್ ತೈಪೆ. ಈ ಮೂವರ ಜೊತೆಯೂ ನಾವು 2023ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಆಡಿದ್ದೇವೆ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ತೈಪೆ ಎದುರು 1-2. ತಾಷ್ಕೆಂಟ್‌ನ ಒಲಿಂಪಿಕ್ ಅರ್ಹತಾ ಸುತ್ತಿನಲ್ಲಿ ಜಪಾನ್ ಎದುರು 0-7, ವಿಯೆಟ್ನಾಂ ಎದುರು 1-3. ಮೂರಕ್ಕೆ ಮೂರೂ ಸೋಲು. ಚಿಯಾಂಗ್ ಮಾಯ್ ಗೆಲುವು ದೊಡ್ಡದೇ, ನಾನೂ ಕುಣಿದೆ. ಆದರೆ ಇದನ್ನು ಮರೆಯಬೇಡಿ.

ಡಿ ಬಾಕ್ಸ್ ದಿವ್ಯಾ

ಮರೆಯಲ್ಲ. ಆದರೆ ಚಿಯಾಂಗ್ ಮಾಯ್‌ನಲ್ಲಿ ಆಗಿದ್ದು ಏನು ಅಂತ ಸರಿಯಾಗಿ ನೋಡೋಣ. ಮಂಗೋಲಿಯಾಕ್ಕೆ 13, ತಿಮೋರ್ ಲೆಸ್ತೆಗೆ 4, ಇರಾಕ್‌ಗೆ 5. ಒಟ್ಟು 22 ಹೊಡೆದು ಒಂದೂ ಬಿಟ್ಟುಕೊಡಲಿಲ್ಲ. ಥಾಯ್ಲೆಂಡ್ ಕೂಡ ಅದೇ ಮೂರು ತಂಡಗಳಿಗೆ ಅಷ್ಟೇ 22 ಹೊಡೆದಿತ್ತು! ಅಂಕವೂ ಸಮ, ಗೋಲು ಅಂತರವೂ ಸಮ. ಕೊನೆಯ ಪಂದ್ಯವೇ ಫೈನಲ್, ಅದೂ ಥಾಯ್ಲೆಂಡಿನ ನೆಲದಲ್ಲಿ. ಅವರ ರ್‍ಯಾಂಕ್ 46, ನಮ್ಮದು 70. ಅವರು 2015 ಮತ್ತು 2019ರ ವಿಶ್ವಕಪ್ ಆಡಿದವರು. ನಾವು ಅವರನ್ನು ಅದಕ್ಕೆ ಮುಂಚೆ ಸೋಲಿಸಿಯೇ ಇರಲಿಲ್ಲ.

ಮೊದಲ ಅರ್ಧದಲ್ಲಿ ಸಂಗೀತಾ ಬಾಸ್ಫೋರ್ ದೂರದಿಂದ ಹೊಡೆದ ಗೋಲು. ವಿರಾಮ ಮುಗಿದ ತಕ್ಷಣ ಥಾಯ್ಲೆಂಡ್ ಸಮ ಮಾಡಿತು. ಹಳೇ ಭಾರತ ತಂಡ ಆಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಈ ತಂಡ ಮುಗಿಯಲಿಲ್ಲ. 74ನೇ ನಿಮಿಷದಲ್ಲಿ ಕಾರ್ನರ್‌ನಿಂದ ಬಂದ ಚೆಂಡಿಗೆ ಮತ್ತೆ ಸಂಗೀತಾ. ಆ ಪಂದ್ಯಕ್ಕೆ ಕೋಚ್ ಆಗಿದ್ದವರು ಕ್ರಿಸ್ಪಿನ್ ಛೆಟ್ರಿ, ನಮ್ಮವರೇ.

ಇನ್ನೊಂದು ವಿಷಯ. ಈ ಟೂರ್ನಿಗೆ ಮುಂಚೆ ಕ್ಯಾಂಪ್ ನಡೆದಿದ್ದು ನಮ್ಮ ಬೆಂಗಳೂರಿನಲ್ಲಿ, ಪಡುಕೋಣೆ-ದ್ರಾವಿಡ್ ಸೆಂಟರ್‌ನಲ್ಲಿ. ಉಜ್ಬೇಕಿಸ್ತಾನ ಅಲ್ಲಿಗೇ ಬಂದು ಎರಡು ಸ್ನೇಹ ಪಂದ್ಯ ಆಡಿತು. ವಾರಗಟ್ಟಲೆ ಕ್ಯಾಂಪ್, ಒಳ್ಳೆಯ ಎದುರಾಳಿ. ಅಷ್ಟು ಮಾಡಿದ್ದಕ್ಕೇ ಇಷ್ಟು ಸಿಕ್ಕಿತು.

ಬೆಳಗಾವಿ ಅಪ್ಪ

ದಿವ್ಯಾ ಅವರು ಬೆಂಗಳೂರು ಅಂದಿದ್ದಕ್ಕೆ ಕೇಳುತ್ತೇನೆ. ಕ್ಯಾಂಪ್ ನಮ್ಮಲ್ಲಿ, ಹುಡುಗಿಯರು ನಮ್ಮವರು ಎಷ್ಟು ಜನ? ನನ್ನ ಮಗಳಿಗೆ 13 ವರ್ಷ, ಫುಟ್‌ಬಾಲ್ ಅಂದರೆ ಪ್ರಾಣ. ಊರಿನ ಮೈದಾನದಲ್ಲಿ ಸಂಜೆ ಹುಡುಗರು ಜಾಗ ಬಿಡುವುದಿಲ್ಲ. ತರಬೇತುದಾರರೊಬ್ಬರು ‘ಹುಡುಗಿಯರ ಬ್ಯಾಚ್ ಮಾಡೋಣ’ ಅಂದವರು ಆಮೇಲೆ ಫೋನೇ ಎತ್ತಲಿಲ್ಲ. ಅವಳು ಹುಡುಗರ ಜೊತೆಯಲ್ಲೇ ಆಡುತ್ತಾಳೆ. ಇನ್ನು ಒಂದೆರಡು ವರ್ಷ ಆದ ಮೇಲೆ ಹೇಗೆ ಅಂತ ಯೋಚನೆ.

ಸರೋಜಕ್ಕ

ಹುಡುಗರ ಜೊತೆ ಆಡಲಿ ಬಿಡಿ, ಅಣ್ಣ. ಈ ತಂಡದಲ್ಲಿ ಹಾಗೆ ಬೆಳೆದವರು ಎಷ್ಟೋ ಜನ. ಬೆಂಬೆಂ ದೇವಿ ಚಿಕ್ಕವರಿದ್ದಾಗ ಹುಡುಗನ ವೇಷದಲ್ಲಿ, ಹುಡುಗನ ಹೆಸರಿಟ್ಟುಕೊಂಡು ಆಡುತ್ತಿದ್ದರು. ಅದನ್ನು ಅವರೇ ಹೇಳಿಕೊಂಡಿದ್ದಾರೆ. ಕೊನೆಗೆ ಪದ್ಮಶ್ರೀ ಬಂತು.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಕಹಿಯೇ. ರಾಷ್ಟ್ರೀಯ ತಂಡ ಇಷ್ಟು ವರ್ಷ ನಿಂತಿರುವುದು ಹೆಚ್ಚಾಗಿ ಮಣಿಪುರದ ಮೇಲೆ. ಜೊತೆಗೆ ಒಡಿಶಾ, ಬಂಗಾಳ, ತಮಿಳುನಾಡು, ಹರಿಯಾಣ, ಜಾರ್ಖಂಡ್. ನಮ್ಮಲ್ಲಿ ಕ್ಲಬ್ ಇಲ್ಲ ಅಂತಲ್ಲ. ಬೆಂಗಳೂರಿನ ಕಿಕ್‌ಸ್ಟಾರ್ಟ್ 2023ರಲ್ಲಿ ಇಂಡಿಯನ್ ವಿಮೆನ್ಸ್ ಲೀಗ್ ಫೈನಲ್‌ವರೆಗೆ ಹೋಗಿತ್ತು, ಗೋಕುಲಂ ಎದುರು ಸೋತಿತು. ಆದರೆ ಮಣಿಪುರದಲ್ಲಿ ಊರೂರಿಗೆ ಹುಡುಗಿಯರ ತಂಡ ಇದೆ. ನಮ್ಮಲ್ಲಿ ಬೆಂಗಳೂರು ದಾಟಿದರೆ ಹುಡುಕಬೇಕು.

ಮಗಳನ್ನು ಜಿಲ್ಲಾ ಮಟ್ಟದ ಶಾಲಾ ಪಂದ್ಯಗಳಿಗೆ ಕಳಿಸಿ. ಸುಬ್ರತೋ ಕಪ್‌ನಲ್ಲಿ ಹುಡುಗಿಯರ ವಿಭಾಗ ಇದೆ, ಶಾಲೆಯಲ್ಲಿ ಕೇಳಿ. ಆಡುವ ಪಂದ್ಯಗಳ ಸಂಖ್ಯೆ ಮುಖ್ಯ, ಎಲ್ಲಿ ಅನ್ನುವುದು ಆಮೇಲೆ.

ಉಳ್ಳಾಲದ ವಿಂಗರ್

ಆಗಸ್ಟ್ 10ರದ್ದನ್ನೂ ಸೇರಿಸಿ ಮಾರಾಯ್ರೆ. ಯಾಂಗೂನ್‌ನಲ್ಲಿ ನಮ್ಮ 20ರೊಳಗಿನ ಹುಡುಗಿಯರು ಮ್ಯಾನ್ಮಾರನ್ನು 1-0ರಿಂದ ಸೋಲಿಸಿ ಏಷ್ಯನ್ ಕಪ್‌ಗೆ ಹೋದರು. ಇಪ್ಪತ್ತು ವರ್ಷಗಳ ನಂತರ! ದೊಡ್ಡವರ ರ್‍ಯಾಂಕಿಂಗ್ ಕೂಡ 2025ರ ಆಗಸ್ಟ್‌ನಲ್ಲಿ 63ಕ್ಕೆ ಬಂತು. ಬೆಳಗಾವಿ ಅಪ್ಪ, ನಿಮ್ಮ ಮಗಳ ಕಾಲಕ್ಕೆ ದಾರಿ ಸ್ವಲ್ಪ ಅಗಲ ಆಗಿರುತ್ತದೆ.

ಪರ್ತ್ ಕನ್ನಡಿಗ

ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ನಮ್ಮ ಊರಿನಲ್ಲೇ ಭಾರತದ ಎರಡು ಪಂದ್ಯ! ಮಾರ್ಚ್ 4ಕ್ಕೆ ವಿಯೆಟ್ನಾಂ, 7ಕ್ಕೆ ಜಪಾನ್. ತೈಪೆ ಪಂದ್ಯ 10ಕ್ಕೆ ಸಿಡ್ನಿಯಲ್ಲಿ. ಇಲ್ಲಿನ ಕನ್ನಡದವರು ಕ್ರಿಕೆಟ್‌ಗೆ ಮಾತ್ರ ಸ್ಟೇಡಿಯಂ ತುಂಬುವುದು. ಈ ಸಲ ವಾಟ್ಸಾಪ್ ಗುಂಪಿನಲ್ಲಿ ಹೆಸರು ಬರೆಸುತ್ತಿದ್ದೇನೆ. ಎಲ್ಲರೂ ಕೇಳುವುದು ಒಂದೇ: ‘ಗೆಲ್ತಾರಾ?’ ಏನು ಉತ್ತರ ಕೊಡಲಿ? ಒಂದೇ ಪಂದ್ಯಕ್ಕೆ ಬರುವವರಿಗೆ ಯಾವುದು ಹೇಳಲಿ?

ಆಫ್‌ಸೈಡ್ ಆನಂದ

ಜಪಾನ್ ಪಂದ್ಯ. 2011ರ ವಿಶ್ವ ಚಾಂಪಿಯನ್ನರನ್ನು ಎದುರಿಗೇ ನೋಡುವ ಅವಕಾಶ ಮತ್ತೆ ಸಿಗಲ್ಲ. ನಮ್ಮ ಗೋಲ್‌ಕೀಪರ್ ಪಂತೋಯ್ ಚಾನುಗೆ ಅವತ್ತು ಬಿಡುವಿರುವುದಿಲ್ಲ, ಅದನ್ನು ನೋಡುವುದೂ ಒಂದು ಸುಖ.

ಹಳೇ ಸ್ಕೋರ್‌ಕಾರ್ಡ್

ಇಲ್ಲ ಇಲ್ಲ, ವಿಯೆಟ್ನಾಂ ಪಂದ್ಯಕ್ಕೆ ಕರೆಯಿರಿ. ಯಾಕೆ ಅಂತ ಹೇಳುತ್ತೇನೆ.

ಒಟ್ಟು 12 ತಂಡ, ಮೂರು ಗುಂಪು. ಪ್ರತಿ ಗುಂಪಿನ ಮೊದಲ ಇಬ್ಬರು ಮತ್ತು ಮೂರನೇ ಸ್ಥಾನದಲ್ಲಿರುವ ಮೂವರಲ್ಲಿ ಉತ್ತಮವಾದ ಇಬ್ಬರು ಕ್ವಾರ್ಟರ್ ಫೈನಲ್‌ಗೆ. ಅಂದರೆ ಮನೆಗೆ ಹೋಗುವುದು ನಾಲ್ಕೇ ತಂಡ. ಸೆಮಿಫೈನಲ್ ತಲುಪಿದ ನಾಲ್ವರಿಗೆ 2027ರ ಬ್ರೆಜಿಲ್ ವಿಶ್ವಕಪ್ ಟಿಕೆಟ್ ನೇರವಾಗಿ ಸಿಗುತ್ತದೆ. ಕ್ವಾರ್ಟರ್ ಫೈನಲ್ ಸೋತವರು ತಮ್ಮತಮ್ಮಲ್ಲೇ ಆಡಿ, ಗೆದ್ದ ಇಬ್ಬರು ಅವರೂ ವಿಶ್ವಕಪ್‌ಗೆ. ಸೋತ ಇಬ್ಬರಿಗೂ ಬೇರೆ ಖಂಡಗಳ ಜೊತೆಗಿನ ಪ್ಲೇಆಫ್ ಇದೆ.

ಹಾಗಾಗಿ ಜಪಾನ್ ಎದುರು ಗೆಲ್ಲುವ ಕನಸು ಬೇಡ. ಅಲ್ಲಿ ಗೋಲು ಕಮ್ಮಿ ತಿನ್ನಬೇಕು, ಯಾಕೆಂದರೆ ಮೂರನೇ ಸ್ಥಾನದ ಹೋಲಿಕೆಗೆ ಗೋಲು ಅಂತರ ಬರುತ್ತದೆ. ಉಳಿದ ಎರಡರಲ್ಲಿ ಒಂದು ಗೆಲುವು ಸಿಕ್ಕರೂ ಕ್ವಾರ್ಟರ್ ಫೈನಲ್ ಬಾಗಿಲು ತೆರೆಯಬಹುದು. ಮೊದಲ ಪಂದ್ಯವೇ ವಿಯೆಟ್ನಾಂ. ಅವರು 2023ರ ವಿಶ್ವಕಪ್ ಆಡಿದವರು, ಸುಲಭವೇನಲ್ಲ.

ಈಗ ಆಗಸ್ಟ್. ಮಾರ್ಚ್‌ವರೆಗೆ ಆರೇಳು ತಿಂಗಳು ಇದೆ. ಫಿಫಾ ಅಂತರರಾಷ್ಟ್ರೀಯ ಪಂದ್ಯಗಳಿಗೆ ಬಿಡುವು ಕೊಡುವ ದಿನಗಳಲ್ಲಿ ಎಷ್ಟು ಸ್ನೇಹ ಪಂದ್ಯ ಆಡಿಸುತ್ತಾರೆ, ಎಂಥ ತಂಡಗಳ ಜೊತೆ ಅನ್ನುವುದನ್ನು ನಾನು ಇಲ್ಲೇ ಬರೆಯುತ್ತಾ ಹೋಗುತ್ತೇನೆ. ‘ಗೆಲ್ತಾರಾ’ ಅಂತ ಕೇಳುವವರಿಗೆ ಆ ಪಟ್ಟಿ ತೋರಿಸಿ.

ಪರ್ತ್ ಕನ್ನಡಿಗ

ಸರಿ ಸರ್, 4ನೇ ತಾರೀಕೇ ಫಿಕ್ಸ್. ಆನಂದ್ ಅವರೇ, ಜಪಾನ್ ಪಂದ್ಯಕ್ಕೂ ಹೋಗುತ್ತೇನೆ, ಬೇಜಾರು ಮಾಡ್ಕೋಬೇಡಿ. ಭಾರತದ ಜೆರ್ಸಿ ಹೆಂಗಸರ ಅಳತೆಯಲ್ಲಿ ಎಲ್ಲಿ ಸಿಗುತ್ತದೆ ಅಂತ ಯಾರಿಗಾದರೂ ಗೊತ್ತಾ? ನನ್ನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳಿಗೆ ಬೇಕು.

ಬೆಳಗಾವಿ ಅಪ್ಪ

ಸಿಕ್ಕರೆ ಇಲ್ಲೂ ಹೇಳಿ, 13 ವರ್ಷದವಳ ಅಳತೆಗೆ ಒಂದು ಬೇಕು.